ವಿಡಿಯೊ ಆಟ ಮದ್ದಾದೀತೆ?

‘ಆ ಗೇಮ್ ಬಿಟ್ಟು ಪುಸ್ತಕ ಹಿಡಿ’ ಎಂಬ ಮಾತು ಪರೀಕ್ಷೆಯ ಕಾಲದಲ್ಲಿ ಕೇಳಿಬರದ ಮನೆ ಅಪರೂಪ. ವಿಡಿಯೊ ಆಟವೆಂದರೆ ಕಣ್ಣು ಕೆಡಿಸುವ, ಹೊತ್ತು ಕಳೆಯುವ, ಓದು ಹಾಳುಮಾಡುವ ವಸ್ತುವೆಂದೇ ತಂದೆತಾಯಿಯರ ತೀರ್ಮಾನ. ಆ ತೀರ್ಮಾನದಲ್ಲಿ ಹುರುಳಿಲ್ಲವೆಂದೇನೂ ಅಲ್ಲ. ಆದರೆ ಅದೇ ಆಟವನ್ನು ಆಸ್ಪತ್ರೆಯಲ್ಲಿ, ಚಿಕಿತ್ಸಕರ ಕಣ್ಣೆದುರಿನಲ್ಲೇ, ದಿನಕ್ಕೊಂದು ಗಂಟೆ ಆಡಿಸುವುದೂ ಉಂಟು. ಅಲ್ಲಿ ಆಡುವವರು ಮಕ್ಕಳಲ್ಲ. ಪಾರ್ಶ್ವವಾಯು ಬಡಿದು ಒಂದು ಕೈ ಸೋತ ಹಿರಿಯರು, ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು ಯಾವುದರಲ್ಲೂ ಗಮನ ನಿಲ್ಲಿಸಲಾಗದ ತರುಣರು.

ಆಟದಿಂದ ಗಾಯಗೊಂಡ ಮಿದುಳು ಸುಧಾರಿಸುತ್ತದೆಯೆ? ಸುಧಾರಿಸುವುದಾದರೆ ಅದಕ್ಕೆ ಕಾರಣ ಯಾವುದು? ತೆರೆಯ ಮೇಲೆ ಓಡುವ ಚಿತ್ರವೆ, ದುಬಾರಿ ಯಂತ್ರವೆ, ಅಥವಾ ಬೇರೇನಾದರೂ ಇದೆಯೆ? ಈ ಪ್ರಶ್ನೆಗೆ ವಿಜ್ಞಾನಿಗಳು ಹಲವು ದಶಕಗಳಿಂದ ಉತ್ತರ ಹುಡುಕುತ್ತಿದ್ದಾರೆ. ಮನೆಯಲ್ಲಿ ಇಂತಹ ರೋಗಿಯನ್ನು ನೋಡಿಕೊಳ್ಳುತ್ತಿರುವವರಿಗೆ ಆ ಉತ್ತರದಲ್ಲಿ ಧೈರ್ಯವಿದೆ. ವಿದ್ಯಾರ್ಥಿಗಳಿಗೆ, ವಿಜ್ಞಾನ ತನ್ನ ಮಾತನ್ನು ತಾನೇ ಹೇಗೆ ಪರೀಕ್ಷಿಸಿಕೊಳ್ಳುತ್ತದೆ ಎಂಬ ಪಾಠವಿದೆ.

ಕೈ ಕೆಟ್ಟಿಲ್ಲ, ದಾರಿ ಕೆಟ್ಟಿದೆ

ವಯಸ್ಕ ಮನುಷ್ಯನ ಮಿದುಳಿನ ತೂಕ ಸುಮಾರು ಒಂದೂಕಾಲರಿಂದ ಒಂದೂವರೆ ಕಿಲೊಗ್ರಾಂ. ಅದರಲ್ಲಿ ಹತ್ತಿರ ಹತ್ತಿರ 8,600 ಕೋಟಿ ನರಕೋಶಗಳಿವೆ ಎಂದು 2009ರಲ್ಲಿ ಬ್ರೆಜಿಲಿನ ವಿಜ್ಞಾನಿಗಳು ಲೆಕ್ಕಹಾಕಿದರು. ಒಂದೊಂದು ನರಕೋಶವೂ ಸಾವಿರಾರು ಇತರ ನರಕೋಶಗಳೊಡನೆ ಸಂಪರ್ಕ ಇಟ್ಟುಕೊಂಡಿರುತ್ತದೆ. ಬಲಗೈಯನ್ನು ಆಡಿಸುವ ಆಜ್ಞೆ ಮಿದುಳಿನ ಎಡಭಾಗದಿಂದಲೂ ಎಡಗೈಯ ಆಜ್ಞೆ ಬಲಭಾಗದಿಂದಲೂ ಹೊರಡುತ್ತದೆ.

ಮಿದುಳಿನ ಒಂದು ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಅದನ್ನು ನಂಬಿಕೊಂಡ ನರಕೋಶಗಳು ಆಮ್ಲಜನಕವಿಲ್ಲದೆ ನಿಮಿಷಗಳಲ್ಲೇ ಸಾಯತೊಡಗುತ್ತವೆ. ಇದೇ ಪಾರ್ಶ್ವವಾಯು, ನಮ್ಮ ಹಳ್ಳಿಗಳಲ್ಲಿ ಲಕ್ವ ಹೊಡೆಯಿತು ಎನ್ನುತ್ತಾರೆ. ಅಪಘಾತದ ಪೆಟ್ಟಿನಲ್ಲಿ ನಡೆಯುವುದು ಬೇರೆ. ಬುರುಡೆಯೊಳಗೆ ಮಿದುಳು ರಭಸದಿಂದ ಅಲುಗಾಡಿ ಜಜ್ಜಿಹೋಗುತ್ತದೆ, ನರಕೋಶಗಳ ಉದ್ದನೆಯ ಎಳೆಗಳು ಜಗ್ಗಿ ಹರಿಯುತ್ತವೆ. ಚರ್ಮದ ಗಾಯ ಮಾಯುವಂತೆ, ಮುರಿದ ಮೂಳೆ ಕೂಡುವಂತೆ, ಸತ್ತ ನರಕೋಶಗಳ ಜಾಗವನ್ನು ಹೊಸ ನರಕೋಶಗಳು ಬಂದು ತುಂಬುವುದಿಲ್ಲ.

ಹಾಗಾದರೆ ಸೋತ ಕೈ ಮತ್ತೆ ಏಳುವುದು ಹೇಗೆ? ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಪಾರ್ಶ್ವವಾಯು ಪೀಡಿತರ ಕೈಯಲ್ಲಿ ಮೂಳೆ, ಸ್ನಾಯು ಎಲ್ಲವೂ ಇವೆ. ಆಜ್ಞೆ ಬರುತ್ತಿದ್ದ ದಾರಿ ಮಾತ್ರ ಮುಚ್ಚಿದೆ. ಮಳೆಗಾಲದಲ್ಲಿ ಹಳ್ಳದ ಸೇತುವೆ ಕೊಚ್ಚಿಹೋಯಿತೆನ್ನಿ. ಊರಿನವರು ಸುಮ್ಮನೆ ಕೂರುವುದಿಲ್ಲ; ಹೊಲದ ಬದುವಿನ ಮೇಲೆ, ತೋಟದ ಅಂಚಿನಲ್ಲಿ ನಡೆಯತೊಡಗುತ್ತಾರೆ. ಮೊದಲ ದಿನ ಅಲ್ಲಿ ಮುಳ್ಳು, ಕೆಸರು. ನೂರು ಜನ ನೂರು ಸಲ ನಡೆದ ಮೇಲೆ ಅಲ್ಲೊಂದು ಕಾಲುದಾರಿ. ಮಿದುಳಿನಲ್ಲೂ ಉಳಿದ ನರಕೋಶಗಳು ಹೀಗೆಯೇ ಬಳಸು ದಾರಿಗಳನ್ನು ಮಾಡಿಕೊಳ್ಳಬಲ್ಲವು. ಆದರೆ ಒಂದು ಷರತ್ತು. ಅಲ್ಲಿ ಯಾರಾದರೂ ನಡೆಯಬೇಕು, ಮತ್ತೆ ಮತ್ತೆ ನಡೆಯಬೇಕು.

ಗೋಲಿಯಿಂದ ಶುರು

ಇದನ್ನು ವೈದ್ಯಲೋಕ ಸುಲಭವಾಗಿ ಒಪ್ಪಿರಲಿಲ್ಲ. ಬೆಳೆದ ಮಿದುಳು ಕಲ್ಲಿನಲ್ಲಿ ಕೊರೆದ ಶಾಸನದಂತೆ, ಬದಲಾಗದು ಎಂಬುದು ಬಹುಕಾಲದ ನಂಬಿಕೆಯಾಗಿತ್ತು. ಅದನ್ನು ಅಲುಗಾಡಿಸಿದ ಘಟನೆಗಳಲ್ಲಿ ಒಂದು ನಡೆದದ್ದು ಪ್ರಯೋಗಾಲಯದಲ್ಲಲ್ಲ, ಒಂದು ಮನೆಯಲ್ಲಿ.

ಪೆಡ್ರೊ ಬಾಖ್-ಇ-ರೀಟಾ ಸ್ಪೇನಿನ ಕ್ಯಾಟಲೋನಿಯ ಮೂಲದ ಕವಿ ಮತ್ತು ವಿದ್ವಾಂಸರು. ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಅಧ್ಯಾಪಕರು. 1950ರ ದಶಕದ ಕೊನೆಯಲ್ಲಿ, ಅರವತ್ತು ದಾಟಿದ್ದ ಅವರಿಗೆ ಪಾರ್ಶ್ವವಾಯು ಬಡಿಯಿತು. ಅರ್ಧ ದೇಹ ಸ್ವಾಧೀನ ತಪ್ಪಿತು, ಮಾತು ನಿಂತಿತು. ಕೆಲವು ವಾರಗಳ ಚಿಕಿತ್ಸೆಯಿಂದ ಏನೂ ಗುಣ ಕಾಣದಾಗ ಇನ್ನು ಆಸೆಯಿಲ್ಲವೆಂದರು. ಆಗ ಮೆಕ್ಸಿಕೊದಲ್ಲಿ ವೈದ್ಯಕೀಯ ಓದುತ್ತಿದ್ದ ಮಗ ಜಾರ್ಜ್ ತಂದೆಯನ್ನು ತನ್ನ ಮನೆಗೆ ಕರೆದುಕೊಂಡು ಹೋದ. ಪುನಶ್ಚೇತನ ಚಿಕಿತ್ಸೆಯ ಶಾಸ್ತ್ರ ಅವನಿಗೆ ಗೊತ್ತಿರಲಿಲ್ಲ. ಮಗು ಹೇಗೆ ಕಲಿಯುತ್ತದೋ ಹಾಗೆ ಕಲಿಸಿದರಾಯಿತು ಎಂದುಕೊಂಡ. ಮೊಣಕಾಲಿಗೆ ಮೆತ್ತೆ ಕಟ್ಟಿ, ಸೋತ ಭುಜವನ್ನು ಗೋಡೆಗೆ ಆನಿಸಿ ತಂದೆಯನ್ನು ಅಂಬೆಗಾಲಿಕ್ಕಿಸಿದ. ಪ್ರೊಫೆಸರರನ್ನು ಹೀಗೆ ತೆವಳಿಸುವುದೇ ಎಂದು ನೆರೆಯವರು ಆಕ್ಷೇಪಿಸಿದರಂತೆ. ಮಗ ನಿಲ್ಲಿಸಲಿಲ್ಲ. ನೆಲದ ಮೇಲೆ ಗೋಲಿ ಉರುಳಿಸಿ ಹಿಡಿಯಲು ಹೇಳಿದ. ನಾಣ್ಯ ಚೆಲ್ಲಿ, ಸೋತ ಬಲಗೈಯಿಂದ ಆರಿಸಲು ಹೇಳಿದ. ಪಾತ್ರೆ ತೊಳೆಯುವಾಗ ಒಳ್ಳೆಯ ಕೈಯಲ್ಲಿ ಪಾತ್ರೆ ಹಿಡಿದು ಸೋತ ಕೈಯನ್ನು ಹದಿನೈದು ನಿಮಿಷ ಒಂದು ಕಡೆಗೆ, ಹದಿನೈದು ನಿಮಿಷ ಇನ್ನೊಂದು ಕಡೆಗೆ ತಿರುಗಿಸುವುದು ನಿತ್ಯದ ಪಾಠವಾಯಿತು.

ಬದಲಾವಣೆ ತಿಂಗಳುಗಟ್ಟಲೆ ಕಾಲ ತೆಗೆದುಕೊಂಡಿತು. ಆದರೆ ಬಂತು. ಪೆಡ್ರೊ ಮತ್ತೆ ನಡೆದರು, ಮಾತನಾಡಿದರು, ಬೆರಳಚ್ಚು ಮಾಡಿದರು, ಕಾಲೇಜಿಗೆ ಮರಳಿ ಪಾಠ ಹೇಳಿದರು. ಹಲವು ವರ್ಷಗಳ ನಂತರ ಕೊಲಂಬಿಯದ ಬೆಟ್ಟ ಹತ್ತುವಾಗ ಹೃದಯಾಘಾತವಾಗಿ ತೀರಿಕೊಂಡರು. ಮರಣೋತ್ತರ ಪರೀಕ್ಷೆಯಲ್ಲಿ ಅವರ ಮಿದುಳನ್ನು ನೋಡಿದವರು ಬೆರಗಾದರು. ಮಿದುಳಿನ ಮೇಲ್ಪದರದಿಂದ ಬೆನ್ನುಹುರಿಗೆ ಇಳಿಯುವ ನರತಂತುಗಳಲ್ಲಿ ಶೇ 97ರಷ್ಟು ನಾಶವಾಗಿದ್ದವು. ಆ ಹಾನಿ ವಾಸಿಯಾಗಿರಲೇ ಇಲ್ಲ! ಉಳಿದ ಅಲ್ಪಸ್ವಲ್ಪ ಎಳೆಗಳೇ ಕೆಲಸವನ್ನು ಹಂಚಿಕೊಂಡಿದ್ದವು.

ಪೆಡ್ರೊ ಅವರ ಇನ್ನೊಬ್ಬ ಮಗ ಪಾಲ್ ಬಾಖ್-ಇ-ರೀಟಾ ಆಗಲೇ ಮಿದುಳಿನ ವಿಜ್ಞಾನಿ. ತಂದೆಯ ಚೇತರಿಕೆ ಅವರನ್ನು ಪುನಶ್ಚೇತನ ಚಿಕಿತ್ಸೆಯ ಕಡೆಗೆ ತಿರುಗಿಸಿತು. ಮುಂದೆ ಗಾಯಗೊಂಡ ಮಿದುಳಿಗೂ ವಿಡಿಯೊ ಆಟಕ್ಕೂ ಮೊದಲು ನಂಟು ಬೆಸೆದವರಲ್ಲಿ ಅವರೂ ಒಬ್ಬರು. ಆ ಕಥೆಗೆ ಹೋಗುವ ಮೊದಲು ‘ಮತ್ತೆ ಮತ್ತೆ’ ಎಂದರೆ ಎಷ್ಟು ಸಲ ಎಂಬುದನ್ನು ನೋಡೋಣ.

ಲೆಕ್ಕ ಎಲ್ಲಿ ತಪ್ಪುತ್ತದೆ?

1996ರಲ್ಲಿ ಅಮೆರಿಕದ ರಾಂಡಾಲ್ಫ್ ನುಡೊ ಮತ್ತು ಸಂಗಡಿಗರು ಅಳಿಲುಕೋತಿ ಎಂಬ ಪುಟ್ಟ ಕೋತಿಗಳ ಮೇಲೆ ನಡೆಸಿದ ಪ್ರಯೋಗ ಪ್ರಕಟವಾಯಿತು. ಮಿದುಳಿನಲ್ಲಿ ಕೈಗೆ ಸಂಬಂಧಿಸಿದ ಭಾಗದಲ್ಲಿ ಸಣ್ಣ ಹಾನಿಯಾದ ಮೇಲೆ ಏನೂ ಅಭ್ಯಾಸ ಮಾಡಿಸದೆ ಬಿಟ್ಟರೆ ಸುತ್ತಲಿನ, ಹಾನಿಯಾಗದ ಜಾಗವೂ ಕೈಗೆ ಸಲ್ಲದೆ ಹೋಗುತ್ತಿತ್ತು. ಸಣ್ಣ ಗುಳಿಗಳಿಂದ ಆಹಾರದ ಚೂರನ್ನು ಬೆರಳಿನಿಂದ ತೆಗೆಯುವ ಅಭ್ಯಾಸವನ್ನು ದಿನದಿನವೂ ಮಾಡಿಸಿದ ಕೋತಿಗಳಲ್ಲಿ ಹಾಗಾಗಲಿಲ್ಲ. ಕೈಯ ಜಾಗ ಉಳಿಯಿತು. ಕೆಲವುಗಳಲ್ಲಿ ಮೊದಲು ಮೊಣಕೈಗೂ ಭುಜಕ್ಕೂ ಸೇರಿದ್ದ ಜಾಗಕ್ಕೆ ಹಬ್ಬಿತು. ಬಳಸಿದವರಿಗೆ ನೆಲ, ಬಳಸದವರಿಗೆ ಅದೂ ಇಲ್ಲ ಎಂಬಂತಹ ಕಾನೂನು ಇದು.

ಮನುಷ್ಯರಲ್ಲಿ ಇನ್ನೊಂದು ತೊಡಕಿದೆ. ಸೋತ ಕೈಯಿಂದ ಲೋಟ ಎತ್ತಲು ಹೋದರೆ ನೀರು ಚೆಲ್ಲುತ್ತದೆ, ಹೊತ್ತು ಹಿಡಿಯುತ್ತದೆ. ಒಳ್ಳೆಯ ಕೈ ಪಕ್ಕದಲ್ಲೇ ಇದೆ. ಸರಿ, ಅದೇ ಎತ್ತುತ್ತದೆ. ಹೀಗೆ ದಿನಗಳೆದಂತೆ ಸೋತ ಕೈಯನ್ನು ಬಳಸದಿರುವುದೇ ಒಂದು ಅಭ್ಯಾಸವಾಗುತ್ತದೆ. ಇದನ್ನು ಗುರುತಿಸಿದ ಮನೋವಿಜ್ಞಾನಿ ಎಡ್ವರ್ಡ್ ಟಾಬ್ ಒಂದು ಉಪಾಯ ಕಂಡುಹಿಡಿದರು: ಒಳ್ಳೆಯ ಕೈಗೆ ದಪ್ಪ ಕೈಗವಸು ತೊಡಿಸಿ, ಸೋತ ಕೈಗೇ ಕೆಲಸ ಕೊಡುವುದು. 222 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎರಡು ವಾರ ಹೀಗೆ ಮಾಡಿದವರ ಕೈಯಲ್ಲಿ ಕಂಡ ಸುಧಾರಣೆ ವರ್ಷದ ನಂತರವೂ ಉಳಿದಿತ್ತು. ಆ ರೋಗಿಗಳಿಗೆ ಪಾರ್ಶ್ವವಾಯು ಬಡಿದು ಆಗಲೇ ಮೂರರಿಂದ ಒಂಬತ್ತು ತಿಂಗಳಾಗಿತ್ತೆಂಬುದನ್ನು ನೆನಪಿಡಿ.

ಅಂದರೆ ಬೇಕಾದದ್ದು ನೂರಾರು, ಸಾವಿರಾರು ಸಲದ ಪುನರಾವರ್ತನೆ. ಆದರೆ ನಿಜವಾಗಿ ಸಿಗುತ್ತಿರುವುದೆಷ್ಟು? ಕ್ಯಾಥರೀನ್ ಲ್ಯಾಂಗ್ ಮತ್ತು ಸಂಗಡಿಗರು ಅಮೆರಿಕ, ಕೆನಡಾಗಳ ಏಳು ಕೇಂದ್ರಗಳಲ್ಲಿ 312 ಚಿಕಿತ್ಸಾ ಅವಧಿಗಳನ್ನು ಪಕ್ಕದಲ್ಲಿ ನಿಂತು ಎಣಿಸಿದರು. 2009ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ, ಕೈಗೆ ಉಪಯುಕ್ತ ಕೆಲಸದ ಅಭ್ಯಾಸ ಸಿಕ್ಕ ಅವಧಿಗಳಲ್ಲೂ ಅದು ಸರಾಸರಿ 32 ಸಲ ಮಾತ್ರ. ಕೋತಿಗಳಿಗೆ ಮಾಡಿಸಿದ್ದು ದಿನಕ್ಕೆ ನೂರಾರು ಸಲ. ಇದು ಚಿಕಿತ್ಸಕರ ಸೋಮಾರಿತನವಲ್ಲ. ಒಂದೇ ಗೂಟವನ್ನು ಒಂದೇ ರಂಧ್ರಕ್ಕೆ ಮುನ್ನೂರು ಸಲ ಹಾಕಿ ತೆಗೆಯಿರಿ ಎಂದರೆ ಯಾರಿಗೆ ಬೇಸರವಾಗದು? ಮಗ್ಗಿ ಬರೆಸಿದಂತೆ ಬರೆಸಬಹುದು. ಆದರೆ ರೋಗಿ ಶಾಲೆಯ ಹುಡುಗನಲ್ಲ.

ವಿಡಿಯೊ ಆಟಕ್ಕೆ ಇಲ್ಲಿ ಜಾಗ ಸಿಗುತ್ತದೆ.

ತೆರೆಯ ಮೇಲೆ ಚೆಂಡು

1972ರಲ್ಲಿ ಅಮೆರಿಕದ ಅಟಾರಿ ಸಂಸ್ಥೆ ‘ಪಾಂಗ್’ ಎಂಬ ಆಟವನ್ನು ಹೊರತಂದಿತು. ಕಪ್ಪು ತೆರೆ, ಎರಡು ಬಿಳಿ ಗೆರೆಗಳೇ ಬ್ಯಾಟು, ಒಂದು ಬಿಳಿ ಚುಕ್ಕೆಯೇ ಚೆಂಡು. ಟೇಬಲ್ ಟೆನಿಸ್‌ನ ಅತಿ ಸರಳ ರೂಪ. 1977ರಲ್ಲಿ ಪಾಲ್ ಬಾಖ್-ಇ-ರೀಟಾ ಮತ್ತು ಸಂಗಡಿಗರು ಇದೇ ಆಟವನ್ನು ಪುನಶ್ಚೇತನದ ಸಾಧನವಾಗಿ ಬಳಸುವುದರ ಬಗ್ಗೆ ಒಂದು ಪ್ರಬಂಧ ಮಂಡಿಸಿದರು. ಮನೆಯಲ್ಲಿ ಗೋಲಿ ಮಾಡಿದ ಕೆಲಸವನ್ನು ಈಗ ತೆರೆಯ ಮೇಲಿನ ಚುಕ್ಕೆ ಮಾಡತೊಡಗಿತು.

ತಲೆಗೆ ಪೆಟ್ಟು ಬಿದ್ದವರ ತೊಂದರೆ ಹಲವು ಸಲ ಕೈಕಾಲಿನಲ್ಲಿ ಇರುವುದಿಲ್ಲ, ಗಮನ ಮತ್ತು ನೆನಪಿನಲ್ಲಿ ಇರುತ್ತದೆ. 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿ, ನಿವೃತ್ತ ಸೈನಿಕರ ಆಸ್ಪತ್ರೆಯಲ್ಲಿ, ಮನೋವಿಜ್ಞಾನಿ ವಿಲಿಯಂ ಲಿಂಚ್ ಅಂಗಡಿಯಲ್ಲಿ ಸಿಗುವ ಮನೆಬಳಕೆಯ ವಿಡಿಯೊ ಆಟಗಳನ್ನೇ ಇಂತಹವರ ಅಭ್ಯಾಸಕ್ಕೆ ಬಳಸಿದರು.

ಆಟದಲ್ಲಿ ಅಂತಹದೇನಿದೆ? ಮೊದಲನೆಯದು, ಗುರಿ. ‘ಕೈ ಎತ್ತಿ’ ಎಂದಾಗ ರೋಗಿಯ ಗಮನವೆಲ್ಲ ಸೋತ ಕೈಯ ಮೇಲೆಯೇ. ‘ಚೆಂಡು ಹೊಡೆಯಿರಿ’ ಎಂದಾಗ ಗಮನ ಚೆಂಡಿನ ಮೇಲೆ, ಕೈ ತಾನಾಗಿ ಹಿಂಬಾಲಿಸುತ್ತದೆ. ಎರಡನೆಯದು, ತಕ್ಷಣದ ಫಲಿತಾಂಶ. ಚೆಂಡು ತಪ್ಪಿತೋ ತಾಗಿತೋ ಎಂಬುದು ಆ ಕ್ಷಣಕ್ಕೇ ತಿಳಿಯುತ್ತದೆ. ಮುಂದಿನ ಸಲ ಎಷ್ಟು ತಿದ್ದಿಕೊಳ್ಳಬೇಕೆಂದು ಮಿದುಳು ಲೆಕ್ಕಹಾಕುತ್ತದೆ. ಮೂರನೆಯದು, ಮೆಟ್ಟಿಲು. ಆಟವನ್ನು ಅತಿ ನಿಧಾನದಿಂದ ಆರಂಭಿಸಿ, ಆಡುವವರು ಗೆದ್ದಂತೆಲ್ಲ ಸ್ವಲ್ಪ ಸ್ವಲ್ಪವೇ ಕಠಿಣ ಮಾಡಬಹುದು. ನಾಲ್ಕನೆಯದು, ಗೆಲುವಿನ ಆಸೆ. 1998ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಸಂಶೋಧಕರು ಆರೋಗ್ಯವಂತರಾದ ಎಂಟು ಗಂಡಸರಿಗೆ ಟ್ಯಾಂಕ್ ಓಡಿಸುವ ವಿಡಿಯೊ ಆಟ ಕೊಟ್ಟು ಅವರ ಮಿದುಳಿನ ಚಿತ್ರ ತೆಗೆದರು. ಆಡುವಾಗ ಡೋಪಮೀನ್ ಎಂಬ ರಾಸಾಯನಿಕ ಹೆಚ್ಚಾಗಿ ಬಿಡುಗಡೆಯಾಗುತ್ತಿತ್ತು. ‘ಇನ್ನೊಂದು ಸಲ’ ಎನ್ನಿಸುವುದಕ್ಕೂ ಕಲಿಕೆಗೂ ನಂಟಿರುವ ರಾಸಾಯನಿಕ ಅದು. ಮಕ್ಕಳನ್ನು ಆಟದಿಂದ ಎಬ್ಬಿಸಲು ತಾಯಂದಿರು ಪಡುವ ಪಾಡಿಗೆ ಕಾರಣವಾದ ಗುಣವೇ ರೋಗಿಗೆ ವರವಾಗಬಹುದು ಎಂಬುದು ವಿಜ್ಞಾನಿಗಳ ಆಸೆ.

ಟೆನಿಸ್ ಆಡಿದ ರಿಮೋಟು

2006ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯ ‘ವೀ’ ಯಂತ್ರ ಬಂದಾಗ ಈ ಆಸೆಗೆ ರೆಕ್ಕೆ ಮೂಡಿತು. ಅದರಲ್ಲಿ ಆಡಲು ಗುಂಡಿ ಒತ್ತುತ್ತ ಕೂರಬೇಕಿಲ್ಲ. ರಿಮೋಟನ್ನು ಕೈಯಲ್ಲಿ ಹಿಡಿದು ಟೆನಿಸ್ ಬ್ಯಾಟಿನಂತೆ ಬೀಸಬೇಕು. ಬೀಸಿದ್ದು ಯಂತ್ರಕ್ಕೆ ತಿಳಿಯುವುದು ಹೇಗೆ? ಬಸ್ಸು ಗಕ್ಕನೆ ಬ್ರೇಕ್ ಹಾಕಿದಾಗ ನಿಂತವರು ಮುಂದಕ್ಕೆ ಮುಗ್ಗರಿಸುತ್ತಾರಲ್ಲವೆ? ನ್ಯೂಟನ್ನನ ಜಡತ್ವದ ನಿಯಮ. ರಿಮೋಟಿನ ಒಳಗಿನ ಸಣ್ಣ ಬಿಲ್ಲೆಯಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಸಿಲಿಕಾನ್ ತುಂಡೊಂದು ಸ್ಪ್ರಿಂಗಿನ ಮೇಲೆ ಕುಳಿತಿದೆ. ಕೈ ಬೀಸಿದಾಗ ಅದು ಬಸ್ಸಿನ ಪ್ರಯಾಣಿಕನಂತೆ ಹಿಂದೆ ಮುಂದೆ ವಾಲುತ್ತದೆ. ವಾಲಿದಾಗ ಪಕ್ಕದ ಫಲಕಗಳ ನಡುವಿನ ಅಂತರ ಬದಲಾಗಿ ವಿದ್ಯುತ್ ಸಂಕೇತವೂ ಬದಲಾಗುತ್ತದೆ. ಇಂದು ಮೊಬೈಲನ್ನು ಅಡ್ಡ ಹಿಡಿದಾಗ ಚಿತ್ರವೂ ಅಡ್ಡ ತಿರುಗುವುದು ಇದೇ ತತ್ತ್ವದಿಂದ.

ಆಸ್ಪತ್ರೆಗಳು ಈ ಯಂತ್ರವನ್ನು ಉತ್ಸಾಹದಿಂದ ಬರಮಾಡಿಕೊಂಡವು. 2010ರಲ್ಲಿ ಕೆನಡಾದ ಟೊರಾಂಟೊ ನಗರದ ವೈದ್ಯ ಗುಸ್ತಾವೊ ಸಪೋಸ್ನಿಕ್ ಮತ್ತು ಸಂಗಡಿಗರು 22 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಅರ್ಧ ರೋಗಿಗಳಿಗೆ ವೀ, ಉಳಿದರ್ಧಕ್ಕೆ ಇಸ್ಪೀಟು, ಬಿಂಗೊ, ಮರದ ತುಂಡುಗಳ ಗೋಪುರದಿಂದ ಒಂದೊಂದೇ ತುಂಡನ್ನು ಬೀಳಿಸದೆ ಎಳೆಯುವ ಜೆಂಗಾ ಆಟ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರು. ಕೊನೆಗೆ ಕೈಯ ಕೆಲಸಗಳನ್ನು ಗಡಿಯಾರವಿಟ್ಟು ಅಳೆದಾಗ ವೀ ಆಡಿದವರು ಸುಮಾರು ಏಳು ಸೆಕೆಂಡು ಮುಂದಿದ್ದರು. ಎಲ್ಲರಿಗೂ ಸಂತೋಷ. ಯಂತ್ರ ಗೆದ್ದಿತು!

ನಿಜವಾಗಿಯೂ ಗೆದ್ದಿತೆ?

ಇಸ್ಪೀಟು ಎದುರು ನಿಂತಾಗ

ಅದೇ ತಂಡಕ್ಕೆ ಅದೇ ಅನುಮಾನ. ಕೇವಲ 22 ಜನ. ಹತ್ತು ಸಲ ನಾಣ್ಯ ಚಿಮ್ಮಿ ಏಳು ಸಲ ರಾಜ ಬಿದ್ದರೆ ನಾಣ್ಯವೇ ಖೋಟಾ ಎನ್ನಲಾದೀತೆ? ಹಾಗಾಗಿ ಅವರು ಪರೀಕ್ಷೆಯನ್ನು ದೊಡ್ಡದು ಮಾಡಿದರು. ಕೆನಡಾ, ಅರ್ಜೆಂಟೀನಾ, ಪೆರು, ಥಾಯ್ಲೆಂಡ್ ಈ ನಾಲ್ಕು ದೇಶಗಳ 14 ಕೇಂದ್ರಗಳಲ್ಲಿ 141 ರೋಗಿಗಳು. ಎಲ್ಲರಿಗೂ ಮಾಮೂಲಿನ ಚಿಕಿತ್ಸೆ ಇದ್ದೇ ಇತ್ತು. ಅದರ ಮೇಲೆ ಎರಡು ವಾರಗಳಲ್ಲಿ ಒಂದೊಂದು ಗಂಟೆಯ ಹತ್ತು ಅವಧಿಗಳು: ಒಂದು ಗುಂಪಿಗೆ ವೀ, ಇನ್ನೊಂದಕ್ಕೆ ಇಸ್ಪೀಟು, ಬಿಂಗೊ, ಜೆಂಗಾ, ಚೆಂಡಾಟ. ಅಳೆದದ್ದು ಪೆನ್ಸಿಲ್ ಎತ್ತುವುದು, ಬೀಗದಲ್ಲಿ ಕೀಲಿ ತಿರುಗಿಸುವುದು, ಟವೆಲ್ ಮಡಚುವುದು ಇಂತಹ ಕೆಲಸಗಳಿಗೆ ಹಿಡಿಯುವ ಸಮಯವನ್ನು.

2016ರಲ್ಲಿ ಫಲಿತಾಂಶ ಹೊರಬಂತು. ಎರಡು ಗುಂಪುಗಳೂ ಸುಧಾರಿಸಿದ್ದವು, ಎರಡರಲ್ಲೂ ಕೆಲಸಕ್ಕೆ ಹಿಡಿಯುವ ಸಮಯ ಸುಮಾರು ಶೇ 30ರಷ್ಟು ಇಳಿದಿತ್ತು. ಎರಡರ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸವೇ ಇರಲಿಲ್ಲ. ಸಾವಿರಾರು ರೂಪಾಯಿಯ ಯಂತ್ರದ ಸಮಕ್ಕೆ ಒಂದು ಕಟ್ಟು ಇಸ್ಪೀಟು!

ವೈದ್ಯಕೀಯ ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2017ರಲ್ಲಿ ಇಂತಹ 72 ಪರೀಕ್ಷೆಗಳನ್ನು, ಅವುಗಳಲ್ಲಿದ್ದ 2,470 ಪಾರ್ಶ್ವವಾಯು ರೋಗಿಗಳ ಫಲಿತಾಂಶವನ್ನು ಪರಿಶೀಲಿಸಿತು. ಮಾಮೂಲಿ ಚಿಕಿತ್ಸೆಯ ಬದಲಿಗೆ ಅಷ್ಟೇ ಹೊತ್ತು ವಿಡಿಯೊ ಆಟ ಆಡಿಸಿದರೆ ಕೈಗೆ ಹೆಚ್ಚಿನ ಲಾಭ ಕಾಣಲಿಲ್ಲ. ಮಾಮೂಲಿ ಚಿಕಿತ್ಸೆಯ ಜೊತೆಗೆ ಆಟವನ್ನು ಸೇರಿಸಿ ಒಟ್ಟು ಅಭ್ಯಾಸದ ಹೊತ್ತನ್ನು ಹೆಚ್ಚಿಸಿದಾಗ ಲಾಭ ಕಂಡಿತು.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಕ್ರಾಕೌರ್ ಅವರ ತಂಡ ರೋಗಿಗಳಿಗೆಂದೇ ಒಂದು ಆಟ ರಚಿಸಿತು. ರೋಗಿ ತೋಳನ್ನು ಗಾಳಿಯಲ್ಲಿ ಆಡಿಸಿದಂತೆ ತೆರೆಯ ಮೇಲೆ ಒಂದು ಡಾಲ್ಫಿನ್ ಈಜುತ್ತದೆ, ಮೀನು ಹಿಡಿಯುತ್ತದೆ, ಶಾರ್ಕ್‌ಗಳೊಡನೆ ಸೆಣಸುತ್ತದೆ. 2021ರಲ್ಲಿ ಪ್ರಕಟವಾದ 24 ರೋಗಿಗಳ ಪರೀಕ್ಷೆಯಲ್ಲಿ ಒಂದು ಗುಂಪಿಗೆ ಡಾಲ್ಫಿನ್, ಇನ್ನೊಂದಕ್ಕೆ ಅಷ್ಟೇ ಹೊತ್ತು ಚಿಕಿತ್ಸಕರೊಡನೆ ಸಾಮಾನ್ಯ ಅಭ್ಯಾಸ. ಇಬ್ಬರಿಗೂ ಮೂರು ವಾರಗಳಲ್ಲಿ 30 ಗಂಟೆ ಹೆಚ್ಚುವರಿ. ಇಲ್ಲೂ ಎರಡೂ ಗುಂಪುಗಳು ಸಮ. ಆದರೆ ಕೈಯಿಂದ ವಸ್ತು ಹಿಡಿದು ಎತ್ತುವ ಪರೀಕ್ಷೆಯಲ್ಲಿ, ಹಿಂದೆ ಬರಿಯ ಮಾಮೂಲಿ ಚಿಕಿತ್ಸೆ ಪಡೆದಿದ್ದ ರೋಗಿಗಳಿಗಿಂತ ಎರಡೂ ಗುಂಪುಗಳು ಮುಂದಿದ್ದವು.

ಈಗ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಗುಣ ಕೊಡುವುದು ಡಾಲ್ಫಿನ್ನೂ ಅಲ್ಲ, ಇಸ್ಪೀಟೂ ಅಲ್ಲ. ಅವೆರಡರಲ್ಲೂ ಇದ್ದ ಒಂದು ಸಾಮಾನ್ಯ ಅಂಶ, ಎಂದರೆ ಸೋತ ಕೈ ಮನಸ್ಸಿಟ್ಟು ದುಡಿದ ಹೊತ್ತು. ಯಾವ ಆಟ ರೋಗಿಯನ್ನು ಹೆಚ್ಚು ಹೊತ್ತು, ಹೆಚ್ಚು ದಿನ, ಬೇಸರವಿಲ್ಲದೆ ದುಡಿಸುತ್ತದೋ ಅದೇ ಆ ರೋಗಿಗೆ ಒಳ್ಳೆಯ ಆಟ.

ಆಟದ ಅಂಕ, ಬದುಕಿನ ಅಂಕ

ಇನ್ನೊಂದು ಎಚ್ಚರಿಕೆ ಬೇಕು. ಗೈಡ್ ಪುಸ್ತಕದ ಹತ್ತು ಪ್ರಶ್ನೆಗಳನ್ನು ಬಾಯಿಪಾಠ ಮಾಡಿದ ಹುಡುಗ ಆ ಹತ್ತಕ್ಕೆ ಪೂರ್ಣ ಅಂಕ ಪಡೆಯುತ್ತಾನೆ; ಹನ್ನೊಂದನೆಯ ಪ್ರಶ್ನೆಗೆ ತಡವರಿಸುತ್ತಾನೆ. ಮಿದುಳಿಗೂ ಈ ಗುಣವಿದೆ. 2010ರಲ್ಲಿ ಬ್ರಿಟನ್ನಿನ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು 11,430 ಮಂದಿಗೆ ಆರು ವಾರ ಕಂಪ್ಯೂಟರಿನಲ್ಲಿ ‘ಬುದ್ಧಿಗೆ ಕಸರತ್ತು’ ಮಾಡಿಸಿದರು. ಆಡಿದ ಆಟಗಳಲ್ಲಿ ಅವರು ಚುರುಕಾದರು. ಆದರೆ ಅಭ್ಯಾಸ ಮಾಡದ ಬೇರೆ ಪರೀಕ್ಷೆಗಳಿಗೆ ಆ ಚುರುಕುತನ ದಾಟಲಿಲ್ಲ. ಅವರು ಆರೋಗ್ಯವಂತರು, ನಿಜ. ಆದರೆ ನೆನಪು, ಗಮನ ಕುಂದಿದವರಿಗೆ ಆಟ ಕೊಡುವಾಗಲೂ ಕೇಳಬೇಕಾದ ಪ್ರಶ್ನೆ ಇದೇ: ತೆರೆಯ ಮೇಲೆ ಅಂಕ ಏರಿದ್ದು ಸರಿ, ಒಲೆಯ ಮೇಲೆ ಹಾಲಿಟ್ಟದ್ದು ನೆನಪಿರುತ್ತದೆಯೆ? ಅಂಗಡಿಯಲ್ಲಿ ಚಿಲ್ಲರೆ ಎಣಿಸಲು ಬರುತ್ತದೆಯೆ?

ಕೈಯ ವಿಷಯದಲ್ಲೂ ಆಟಕ್ಕೆ ಮೋಸ ಮಾಡುವುದು ಸುಲಭ. ಪೂರ್ತಿ ತೋಳು ಬೀಸುವ ಬದಲು ಮಣಿಕಟ್ಟನ್ನು ಕೊಂಕಿಸಿದರೂ ರಿಮೋಟು ಅಂಕ ಕೊಡುತ್ತದೆ. ಕೈ ಚಾಚುವ ಬದಲು ಇಡೀ ಮೈಯನ್ನು ಮುಂದೆ ಬಾಗಿಸಿದರೂ ಅಷ್ಟೆ. ಯಂತ್ರಕ್ಕೆ ಇದು ತಿಳಿಯದೆ ಹೋಗಬಹುದು, ಅನುಭವಿ ಫಿಸಿಯೋಥೆರಪಿಸ್ಟರ ಕಣ್ಣಿಗೆ ತಿಳಿಯುತ್ತದೆ. ಅವರ ಜಾಗವನ್ನು ಯಂತ್ರ ತುಂಬಲಾರದು.

ಮನೆಯವರು ತಿಳಿದಿರಬೇಕಾದದ್ದು

ಪಾರ್ಶ್ವವಾಯುವಿನ ಮೊದಲ ಗಂಟೆಗಳು ಆಸ್ಪತ್ರೆಗೆ ಸೇರಿದವು. ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತ ಕೂರಬಾರದು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅಭ್ಯಾಸವನ್ನು ಎಂದು, ಎಷ್ಟರಿಂದ ಆರಂಭಿಸಬೇಕೆಂದು ವೈದ್ಯರೇ ಹೇಳಬೇಕು. ಐದು ದೇಶಗಳ 2,104 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೊದಲ 24 ಗಂಟೆಯೊಳಗೇ ಹಾಸಿಗೆಯಿಂದ ಎಬ್ಬಿಸಿ ಹೆಚ್ಚು ಹೆಚ್ಚು ಸಲ ನಡೆದಾಡಿಸಿದವರ ಫಲಿತಾಂಶ ಸ್ವಲ್ಪ ಹಿಂದೆ ಬಿತ್ತು. ಹೆಚ್ಚು ಅಭ್ಯಾಸ ಒಳ್ಳೆಯದು ಎಂಬುದಕ್ಕೂ ಹೊತ್ತು ಗೊತ್ತು ಉಂಟು.

ಕರ್ನಾಟಕದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ವಿಭಾಗವಿದೆ. ಊರಿನ ಹತ್ತಿರದ ಫಿಸಿಯೋಥೆರಪಿಸ್ಟರನ್ನೂ ಕೇಳಬಹುದು. ಕೇಳುವಾಗ ‘ಯಾವ ಯಂತ್ರ ತರೋಣ?’ ಎನ್ನುವುದಕ್ಕಿಂತ ‘ಮನೆಯಲ್ಲಿ ಯಾವ ಕೆಲಸವನ್ನು, ದಿನಕ್ಕೆ ಎಷ್ಟು ಸಲ ಮಾಡಿಸೋಣ?’ ಎಂದು ಕೇಳುವುದು ಹೆಚ್ಚು ಪ್ರಯೋಜನಕಾರಿ. ಯಂತ್ರ ಕೊಳ್ಳಲು ಸಾಲ ಮಾಡಬೇಕಿಲ್ಲ. ಕೊಳ್ಳಲಾಗದವರು ತಮ್ಮವರಿಗೆ ಅನ್ಯಾಯ ಮಾಡಿದೆವೆಂದು ಕೊರಗಬೇಕಿಲ್ಲ. ಅಳಗುಳಿಮಣೆಯ ಗುಳಿಯಿಂದ ಹುಣಸೆಬೀಜವನ್ನು ಒಂದೊಂದಾಗಿ ಹೆಕ್ಕುವುದು, ಚೌಕಾಬಾರದಲ್ಲಿ ಕವಡೆ ಎಸೆದು ಕಾಯಿ ನಡೆಸುವುದು, ಅವರೆಕಾಳು ಬಿಡಿಸುವುದು ಎಲ್ಲವೂ ಬೆರಳಿಗೆ ಕೆಲಸವೇ. ರೋಗಿಯ ಸ್ಥಿತಿಗೆ ಯಾವುದು ಹೊಂದುತ್ತದೆಂದು ಚಿಕಿತ್ಸಕರು ಹೇಳುತ್ತಾರೆ. ಎದುರಿಗೆ ಮೊಮ್ಮಗ ಕುಳಿತರೆ ಅಜ್ಜನಿಗೆ ಇನ್ನೊಂದು ಆಟ ಆಡುವ ಹುರುಪು ಬರುತ್ತದೆ.

ವಿಡಿಯೊ ಆಟ ಇದ್ದರೆ ಅದೂ ಆಗಬಹುದು. ಆದರೆ ಫಿಟ್ಸ್ ಬಂದಿದ್ದವರು ವೈದ್ಯರನ್ನು ಕೇಳದೆ ಮಿನುಗುವ ತೆರೆಯ ಮುಂದೆ ಕೂರಬಾರದು. ನಿಂತು ಆಡುವಾಗ ಬೀಳದಂತೆ ಪಕ್ಕದಲ್ಲಿ ಒಬ್ಬರಿರಬೇಕು. ಭುಜ ನೋಯತೊಡಗಿದರೆ ನಿಲ್ಲಿಸಿ ಚಿಕಿತ್ಸಕರಿಗೆ ತಿಳಿಸಬೇಕು. ಇನ್ನು, ರೋಗಿಯ ಕೈಯಿಂದ ಲೋಟವನ್ನು ಕಸಿದುಕೊಂಡು ‘ನೀವು ಕಷ್ಟಪಡಬೇಡಿ, ನಾನೇ ಕುಡಿಸುತ್ತೇನೆ’ ಎನ್ನುವ ಪ್ರೀತಿಯನ್ನು ಸ್ವಲ್ಪ ತಡೆದುಕೊಳ್ಳಬೇಕು. ಚೆಲ್ಲಿದ ನೀರನ್ನು ಒರೆಸಬಹುದು.

ಮಾಡಿ ನೋಡಿ

ವಿದ್ಯಾರ್ಥಿಗಳು ಇದನ್ನು ತರಗತಿಯಲ್ಲಿ ಪರೀಕ್ಷಿಸಬಹುದು. ಬಲಗೈಯಲ್ಲಿ ಬರೆಯುವ ಹನ್ನೆರಡು ಮಂದಿಯನ್ನು ಆರಿಸಿ. ಎಡಗೈಯ ಎರಡೇ ಬೆರಳಿನಿಂದ 20 ಹುಣಸೆಬೀಜಗಳನ್ನು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹಾಕಲು ಪ್ರತಿಯೊಬ್ಬರಿಗೂ ಎಷ್ಟು ಸೆಕೆಂಡು ಬೇಕೆಂದು ಬರೆದಿಡಿ. ಎಡಗೈಯೊಂದರಿಂದಲೇ ಅಂಗಿಯ ಮೂರು ಗುಂಡಿ ಹಾಕಲು ಹಿಡಿಯುವ ಸಮಯವನ್ನೂ ಬರೆದಿಡಿ. ಈಗ ಚೀಟಿ ಎತ್ತಿ ಮೂರು ಗುಂಪು ಮಾಡಿ. ಮೊದಲ ಗುಂಪು ದಿನಕ್ಕೆ ಹತ್ತು ನಿಮಿಷ ಬೀಜ ಹಾಕುವುದನ್ನು ಸುಮ್ಮನೆ ಅಭ್ಯಾಸ ಮಾಡಲಿ. ಎರಡನೆಯ ಗುಂಪು ಅದನ್ನೇ ಅಂಕವಿಟ್ಟು, ಪಂದ್ಯ ಕಟ್ಟಿ ಆಡಲಿ. ಮೂರನೆಯ ಗುಂಪು ಅಭ್ಯಾಸ ಮಾಡದಿರಲಿ. ಹತ್ತು ದಿನಗಳ ನಂತರ ಎರಡನ್ನೂ ಮತ್ತೆ ಅಳೆಯಿರಿ.

ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಯಾವ ಗುಂಪು ಎಷ್ಟು ಸುಧಾರಿಸಿತು? ಹತ್ತು ನಿಮಿಷವಾದ ಮೇಲೂ ತಾವಾಗಿ ಮುಂದುವರಿಸಿದವರು ಯಾವ ಗುಂಪಿನವರು? ಬೀಜದಲ್ಲಿ ಪಳಗಿದ ಬೆರಳು ಗುಂಡಿಯಲ್ಲೂ ಚುರುಕಾಯಿತೆ? ಉತ್ತರ ಏನು ಬಂದರೂ ತಿದ್ದದೆ ಬರೆಯಿರಿ. ನಿಮ್ಮ ಗುಂಪಿನಲ್ಲಿರುವುದು ನಾಲ್ವರೇ ಎಂಬುದನ್ನೂ ಮರೆಯಬೇಡಿ. 22 ಜನರ ಫಲಿತಾಂಶವನ್ನು 141 ಜನರ ಪರೀಕ್ಷೆ ತಿದ್ದಿದ್ದನ್ನು ಈಗಷ್ಟೇ ಓದಿದಿರಿ. ಮೊದಲ ಸಲ ಗೆದ್ದ ಯಂತ್ರವನ್ನು ಮೆರವಣಿಗೆ ಮಾಡದೆ ಇಸ್ಪೀಟಿನ ಎದುರು ಇನ್ನೊಮ್ಮೆ ನಿಲ್ಲಿಸಿದರಲ್ಲ, ಅದರಿಂದಲೇ ದುಡ್ಡಿಲ್ಲದ ಮನೆಯ ರೋಗಿಗೂ ಒಂದು ಒಳ್ಳೆಯ ಸುದ್ದಿ ಸಿಕ್ಕಿತು.